ದೂರವಾಣಿ ಇಲ್ಲದ ಬಾಳು

ಇಂದಿನ ಯುಗವನ್ನು ದೂರವಾಣಿಯ ಯುಗವೆಂದು ಕರೆದರೆ ಅತಿಶಯೋಕ್ತಿಯಾಗಲಾರದು. ಜೇಬಿನಲ್ಲಿ ಒಂದು ಜಂಗಮ ದೂರವಾಣಿಯಿಲ್ಲದ ಮನುಷ್ಯನನ್ನು ಕಂಡರೆ ನಮಗೆ ಆಶ್ಚರ್ಯವಾಗುತ್ತದೆ. ಅದಿಲ್ಲದೆ ಬಾಳುವುದು ಸಾಧ್ಯವೇ ಎಂಬ ಪ್ರಶ್ನೆ ನಮ್ಮ ಚರ್ಚಾಕೂಟದಲ್ಲಿಯೂ ಆಗಾಗ ಏಳುವುದುಂಟು. ‘ಅದೊಂದು ವ್ಯಸನ, ಬಿಟ್ಟವನೇ ಸುಖಿ’ ಎಂದು ಒಂದು ಪಕ್ಷದವರು ವಾದಿಸಿದರೆ, ‘ಅದನ್ನು ಬಿಟ್ಟರೆ ಬದುಕೇ ಇಲ್ಲ’ ಎಂದು ಮತ್ತೊಂದು ಪಕ್ಷದವರು ಸಾಧಿಸುತ್ತಾರೆ. ನಾನಾದರೋ ಈ ವಿಷಯವನ್ನು ವೇದಿಕೆಯ ಮೇಲೆ ಕಲಿತವನಲ್ಲ. ಕಳೆದ ಮಳೆಗಾಲದಲ್ಲಿ ನನ್ನ ಫೋನು ನೀರಿಗೆ ಬಿದ್ದು ಕೆಟ್ಟಿತು. ಹೊಸದನ್ನು ಕೊಳ್ಳಲು ಹಣ ಕೂಡುವವರೆಗೆ 41 ದಿನ ಅದಿಲ್ಲದೆ ಕಳೆದೆ. ಆ ದಿನಗಳಲ್ಲಿ ನೋಟುಬುಕ್ಕಿನಲ್ಲಿ ಬರೆದಿಟ್ಟ ಲೆಕ್ಕವೇ ಈ ಲೇಖನಕ್ಕೆ ಆಧಾರ.

ಮೊದಲು ಸ್ವಲ್ಪ ಪೂರ್ವಚರಿತ್ರೆಯನ್ನು ಪರಿಶೀಲಿಸೋಣ. ಹಳೆಯ ಮದರಾಸು ರಸ್ತೆಯಲ್ಲಿ ವೈಟ್‌ಫೀಲ್ಡ್ ಕಡೆಗೆ ಹೋಗುವವರಿಗೆ ದಾರಿಯಲ್ಲಿ ದೂರವಾಣಿನಗರ ಸಿಗುತ್ತದೆ. 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಸ್ಥಾಪಿತವಾದುದರಿಂದ ಆ ಪ್ರದೇಶಕ್ಕೆ ಈ ಹೆಸರು ಬಂದಿತು. ದೇಶಕ್ಕೆ ಬೇಕಾದ ಟೆಲಿಫೋನುಗಳು ಇಲ್ಲಿ ತಯಾರಾಗುತ್ತಿದ್ದವು. ಆದರೂ ಬಹುಕಾಲದವರೆಗೆ ಬೆಂಗಳೂರಿನಲ್ಲಿಯೇ ಟೆಲಿಫೋನಿಲ್ಲದ ಮನೆಗಳು ಹೆಚ್ಚಾಗಿದ್ದವು. ಸಂಪರ್ಕಕ್ಕೆ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯುತ್ತಿದ್ದರು.

ಹಾಗಾದರೆ ಅಂದಿನ ಜನ ಹೇಗೆ ವ್ಯವಹರಿಸಿದರು? ಕಾಗದವಿತ್ತು, ಅವಸರಕ್ಕೆ ತಂತಿಯಿತ್ತು, ಅಂಚೆ ಕಚೇರಿಯಲ್ಲಿ ಕಾದು ಕುಳಿತು ಟ್ರಂಕ್ ಕರೆ ಮಾಡಬಹುದಾಗಿತ್ತು. ಪರಿಚಯದ ಚೀಟಿಗಳಲ್ಲಿ ‘ಪಿ.ಪಿ.’ ಎಂದು ಬರೆದು ನೆರೆಮನೆಯ ಸಂಖ್ಯೆಯನ್ನು ಕೊಡುವ ಪದ್ಧತಿಯಿತ್ತು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆ ಗ್ರಾಮಾಂತರಕ್ಕೆಂದು ರಚಿಸಿದ ಸಣ್ಣ ವಿನಿಮಯ ಕೇಂದ್ರವು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಕೆಲಸಕ್ಕೆ ತೊಡಗಿತು. ಆಮೇಲೆ ಹಾದಿಬೀದಿಗಳಲ್ಲೆಲ್ಲ ಎಸ್.ಟಿ.ಡಿ. ಅಂಗಡಿಗಳೂ ಒಂದು ರೂಪಾಯಿಯ ನಾಣ್ಯದ ಪೆಟ್ಟಿಗೆಗಳೂ ಬಂದವು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಅಂದು ಫೋನಿಲ್ಲದವರೇ ಬಹುಸಂಖ್ಯಾತರಾಗಿದ್ದುದರಿಂದ ಲೋಕದ ಏರ್ಪಾಡುಗಳೆಲ್ಲ ಅವರನ್ನು ಲೆಕ್ಕಕ್ಕೆ ತೆಗೆದುಕೊಂಡೇ ಆಗಿದ್ದವು.

1995ರ ಜುಲೈ 31ರಂದು ಭಾರತದಲ್ಲಿ ಮೊದಲ ಜಂಗಮ ದೂರವಾಣಿ ಕರೆ ನಡೆಯಿತು. 2013ರ ಜುಲೈಯಲ್ಲಿ ತಂತಿ ಸೇವೆ ನಿಂತುಹೋಯಿತು. ನಾಣ್ಯದ ಪೆಟ್ಟಿಗೆಗಳು ಒಂದೊಂದಾಗಿ ಕಣ್ಮರೆಯಾದವು. 2016ರಲ್ಲಿ ಬಂದ ಯು.ಪಿ.ಐ. ಹಣದ ಚೀಲವನ್ನೂ ಫೋನಿನೊಳಕ್ಕೆ ಸೇರಿಸಿತು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಅದರ ಮೂಲಕ 2,000 ಕೋಟಿಗೂ ಮಿಕ್ಕಿದ ಪಾವತಿಗಳಾದವು. ಇದರಿಂದ ಆದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು’ ಎಂಬ ಗಾದೆಯಂತೆ, ದಾಟಿದವರು ದೋಣಿಯನ್ನು ಒಡೆದುಹಾಕಿದರೆ ಆಚೆಯ ದಡದಲ್ಲಿ ಉಳಿದವರ ಗತಿಯೇನು?

ಈ ಉಳಿದವರು ಯಾರೆಂಬುದನ್ನು ನಮ್ಮ ಸುತ್ತಮುತ್ತಲೇ ನೋಡಬಹುದು. ನಮ್ಮ ಮನೆ ಪೀಣ್ಯದಲ್ಲಿ. ತಂದೆಯವರು ಲೇತ್ ಯಂತ್ರದ ಕೆಲಸಗಾರರು. ಎರಡು ವರ್ಷಗಳ ಹಿಂದೆ ಅವರು ದುಡಿಯುತ್ತಿದ್ದ ಸಣ್ಣ ಕಾರ್ಖಾನೆ ಮುಚ್ಚಿದಾಗ, ಮನೆಯ ಖರ್ಚಿನಲ್ಲಿ ಮೊದಲು ಕಡಿತವಾದದ್ದು ಅವರ ಫೋನಿನ ರೀಚಾರ್ಜು. ಪೀಣ್ಯದ ಗೇಟುಗಳಲ್ಲಿ ‘ಟರ್ನರ್, ಫಿಟ್ಟರ್, ಹೆಲ್ಪರ್ ಬೇಕಾಗಿದ್ದಾರೆ’ ಎಂಬ ಹಲಗೆಗಳನ್ನು ಎಲ್ಲರೂ ಕಂಡಿರಬಹುದು. ಅದರ ಕೆಳಗೆ ‘ಒಳಗೆ ವಿಚಾರಿಸಿರಿ’ ಎಂದಿರುವುದು ಈಗ ಅಪರೂಪ. ಹತ್ತು ಅಂಕಿಗಳ ಸಂಖ್ಯೆಯೊಂದೇ ಇರುತ್ತದೆ. ತಂದೆಯವರು ಮೂಲೆಯ ಅಂಗಡಿಯವರ ಸಂಖ್ಯೆಯನ್ನು ಹಳೆಯ ‘ಪಿ.ಪಿ.’ಯಂತೆ ಬರೆದುಕೊಟ್ಟು ಬಂದರು. ಒಂದು ಕಡೆಯಿಂದ ಕರೆಯೂ ಬಂದಿತು. ಅಂಗಡಿಯವರು ಹೇಳಲು ಮರೆತರು. ಮರುದಿನ ಹೋಗುವಷ್ಟರಲ್ಲಿ ಆ ಕೆಲಸ ಬೇರೆಯವರ ಪಾಲಾಗಿತ್ತು. ಅಂಗಡಿಯವರನ್ನು ದೂರುವಂತಿಲ್ಲ; ಪರರ ಕೆಲಸದ ಚಿಂತೆ ಹೊರುವುದು ಅವರ ವ್ಯಾಪಾರವಲ್ಲ.

ಇನ್ನು ವೈಟ್‌ಫೀಲ್ಡ್. ಅಲ್ಲಿಯ ಬಹುಮಹಡಿ ಮನೆಗಳಲ್ಲಿ ಅಡಿಗೆ ಕೆಲಸ ಮಾಡುವ ನನ್ನ ಅತ್ತೆಯನ್ನು ಕಾಣಲು ಒಮ್ಮೆ ಹೋದೆ. ಕಾವಲುಗಾರರು ಸಂಖ್ಯೆ ಕೇಳಿದರು. ‘ಫೋನಿಲ್ಲ’ ಎಂದೆ. ಅವರು ಒಳ್ಳೆಯವರೇ, ಆದರೆ ಸಂಖ್ಯೆಯ ಮನೆ ಖಾಲಿಯಿದ್ದರೆ ಅವರ ಯಂತ್ರ ಮುಂದಕ್ಕೆ ಹೋಗುವುದಿಲ್ಲ. ಅತ್ತೆ ಕೆಲಸ ಮುಗಿಸಿ ಬರುವವರೆಗೆ ಎರಡು ಗಂಟೆ ಗೇಟಿನ ಹೊರಗೆ ನಿಂತೆ.

1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರದ ಸುತ್ತ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮತ್ತೊಂದು ವಿಚಿತ್ರವಿದೆ. ಅಲ್ಲಿ ಕೆಲಸ ಮಾಡುವ ನಮ್ಮ ಕಾಲೇಜಿನ ಹಿರಿಯ ವಿದ್ಯಾರ್ಥಿಯೊಬ್ಬರು ಹೇಳಿದಂತೆ, ಗಿರಾಕಿಗಳ ಹಣದ ವಿವರಗಳನ್ನು ನೋಡುವ ಕೊಠಡಿಗಳೊಳಕ್ಕೆ ಫೋನನ್ನು ಒಯ್ಯುವಂತಿಲ್ಲ; ಬಾಗಿಲಲ್ಲೇ ಪೆಟ್ಟಿಗೆಯಲ್ಲಿಟ್ಟು ಹೋಗಬೇಕು. ಎಂಟು ಗಂಟೆ ಅವರು ಫೋನಿಲ್ಲದೆಯೇ ಚೆನ್ನಾಗಿ ಕೆಲಸ ಮಾಡುತ್ತಾರೆ. ಏಕೆಂದರೆ ಅಲ್ಲಿ ಸಂಸ್ಥೆಯೇ ಬೇರೆ ಏರ್ಪಾಡು ಮಾಡಿಕೊಟ್ಟಿದೆ: ಮೇಜಿನ ಮೇಲೆ ತಂತಿಯ ಫೋನಿದೆ, ಮನೆಯಿಂದ ತುರ್ತು ಕರೆ ಬಂದರೆ ತಿಳಿಸುವವರಿದ್ದಾರೆ.

ಈಗ ನನ್ನ ಲೆಕ್ಕಕ್ಕೆ ಬರುತ್ತೇನೆ. 41 ದಿನಗಳಲ್ಲಿ ಫೋನು ಬೇಕೆನಿಸಿದ ಸಂದರ್ಭಗಳು 34. ಇವುಗಳಲ್ಲಿ 19ನ್ನು ನಡೆದು ಹೋಗಿ, ಬಾಯಿಬಿಟ್ಟು ಕೇಳಿ, ನಗದು ಕೊಟ್ಟು ನಿಭಾಯಿಸಿದೆ. ಮೆಟ್ರೋ ನಿಲ್ದಾಣದಲ್ಲಿ ಟೋಕನ್ ಕೊಡುವ ಕಿಟಕಿ ಇದೆ. ಪಡಿತರದಂಗಡಿಯಲ್ಲಿ ಬೆರಳಚ್ಚು ಸಾಕು. ಉಳಿದ 15 ಸಲ ಅನ್ಯರ ಫೋನೇ ಗತಿಯಾಯಿತು: ಸಹಪಾಠಿಗಳದು 9, ಅಂಗಡಿಯವರದು 4, ಅಪರಿಚಿತರದು 2. ನಾನು ಫೋನಿಲ್ಲದೆ ಬದುಕಿದೆನೆಂದು ಜಂಬಪಡುವಂತಿಲ್ಲ; ಹದಿನೈದು ಸಲ ಕೈಸಾಲದ ಮೇಲೆ ಬದುಕಿದೆ. ಒಂಬತ್ತನೆಯ ಸಲ ಕೇಳುವಾಗ ಗೆಳೆಯನ ಮುಖವನ್ನು ನೋಡಲು ನನಗೆ ಸಂಕೋಚವಾಯಿತು.

ಲಾಭವೇ ಇರಲಿಲ್ಲವೆಂದು ಹೇಳಲಾರೆ. ನಿದ್ರೆ ಚೆನ್ನಾಗಿ ಬಂದಿತು. ಗ್ರಂಥಾಲಯದಿಂದ ತಂದ ಆರು ಪುಸ್ತಕಗಳನ್ನು ಓದಿ ಮುಗಿಸಿದೆ. ಆದರೆ ಇವು ಫೋನನ್ನು ಮಿತವಾಗಿ ಬಳಸುವವನಿಗೂ ದೊರೆಯುವ ಲಾಭಗಳು.

ನಷ್ಟ ಮಾತ್ರ ಬೇರೆ ಬಗೆಯದು. ವಿದ್ಯಾರ್ಥಿವೇತನದ ಅರ್ಜಿ ಹಾಕಲು ಆಧಾರಿಗೆ ಸೇರಿದ ಸಂಖ್ಯೆಗೆ ಓ.ಟಿ.ಪಿ. ಎಂಬ ಗುಪ್ತಾಂಕ ಬರಬೇಕು. ನಾನು ಬಾಲಕನಾಗಿದ್ದಾಗ ಕೊಟ್ಟಿದ್ದು ತಂದೆಯವರ ಸಂಖ್ಯೆ. ಬಹುದಿನ ಬಳಸದ ಸಂಖ್ಯೆಯನ್ನು ಕಂಪನಿಯವರು ಹಿಂದಕ್ಕೆ ಪಡೆದು ಬೇರೆಯವರಿಗೆ ಕೊಡುತ್ತಾರೆ. ಅದೂ ಹಾಗೆಯೇ ಆಗಿತ್ತು. ನನ್ನ ವೇತನದ ಬೀಗದ ಕೈ ಯಾರೋ ಅಪರಿಚಿತರ ಜೇಬು ಸೇರಿತ್ತು! ಕಚೇರಿಯೊಂದಕ್ಕೆ ಹೋಗಿ ವಿಚಾರಿಸಿದರೆ, ‘ಆ ಸಂಖ್ಯೆಗೆ ಬಂದದ್ದನ್ನು ಹೇಳಿ’ ಎಂಬುದೊಂದೇ ಉತ್ತರ. ಕೊನೆಗೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಸಂಖ್ಯೆಯನ್ನು ಬದಲಾಯಿಸಿದೆ. ಹೊಸ ಸಿಮ್ಮನ್ನು ಗೆಳೆಯನ ಫೋನಿಗೆ ಹಾಕಿ ಗುಪ್ತಾಂಕ ಪಡೆದೆ. ಕೊನೆಯ ದಿನಾಂಕ ಮುಂದಕ್ಕೆ ಹೋದುದರಿಂದ ನನ್ನ ವೇತನ ಉಳಿಯಿತು. ಇದೇ ತೊಡಕಿಗೆ ಸಿಕ್ಕಿದ ಸಹಪಾಠಿನಿಯೊಬ್ಬಳದು ಉಳಿಯಲಿಲ್ಲ. ಅವಳು ಈ ವರ್ಷ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುತ್ತಿದ್ದಾಳೆ.

ಆದಕಾರಣ ನಮ್ಮ ಚರ್ಚಾಕೂಟದ ಪ್ರಶ್ನೆಯನ್ನು ಸ್ವಲ್ಪ ತಿದ್ದಬೇಕೆಂದು ನನಗೆ ತೋರುತ್ತದೆ. ಫೋನನ್ನು ಬಿಡುವ ಮನಸ್ಸು ನಮಗಿದೆಯೇ ಎಂಬುದು ಸಣ್ಣ ಪ್ರಶ್ನೆ. ಅದಿಲ್ಲದವನು ಬಂದಾಗ ತೆರೆಯುವ ಬಾಗಿಲೊಂದನ್ನು ನಾವು ಉಳಿಸಿದ್ದೇವೆಯೇ ಎಂಬುದು ದೊಡ್ಡದು. ಆ ಬಾಗಿಲಿಗೆ ಹೆಚ್ಚು ಖರ್ಚಿಲ್ಲ. ಕಾರ್ಖಾನೆಯ ಹಲಗೆಯಲ್ಲಿ ‘ಒಳಗೆ ವಿಚಾರಿಸಿರಿ’ ಎಂಬ ಎರಡು ಪದ, ಕಚೇರಿಯಲ್ಲಿ ಗುರುತಿನ ಚೀಟಿಯನ್ನೂ ಬೆರಳಚ್ಚನ್ನೂ ನೋಡಿ ಅರ್ಜಿ ತೆಗೆದುಕೊಳ್ಳುವ ಒಂದು ಕಿಟಕಿ, ಇಷ್ಟೇ ಸಾಕು.

ಪರರಿಗೆ ಹೇಳುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕಷ್ಟೆ. ಅಧ್ಯಾಪಕರು ಕ್ಷಮಿಸಬೇಕು, ಆ 41 ದಿನಗಳಲ್ಲಿ ನಾನೊಂದು ಕಿರುಪರೀಕ್ಷೆಯನ್ನು ಕಳೆದುಕೊಂಡೆ, ಏಕೆಂದರೆ ಅದರ ಸೂಚನೆ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಬಂದಿತ್ತು. ಸಂಗತಿಯನ್ನು ತಿಳಿಸಿದಾಗ ಅವರು ನನಗೆ ಮತ್ತೊಮ್ಮೆ ಪರೀಕ್ಷೆ ಕೊಟ್ಟರು. ಅಂದಿನಿಂದ ನಮ್ಮ ವಿಭಾಗದ ಸೂಚನೆಗಳೆಲ್ಲ ಕಚೇರಿಯ ಪಕ್ಕದ ಹಳೆಯ ಫಲಕದ ಮೇಲೂ ಬರುತ್ತಿವೆ. ಈಗ ನನ್ನ ಬಳಿ ಫೋನಿದೆ. ಆದರೂ ದಿನಕ್ಕೊಮ್ಮೆ ಆ ಫಲಕದ ಮುಂದೆ ನಿಂತು ಓದಿಯೇ ತರಗತಿಗೆ ಹೋಗುತ್ತೇನೆ. ಅಲ್ಲಿ ನನ್ನೊಡನೆ ಓದುವವರು ಪ್ರತಿದಿನ ನಾಲ್ಕೈದು ಮಂದಿ ಇರುತ್ತಾರೆ.