ಉಪವಾಸಕ್ಕೆ ಮುನ್ನ ರಕ್ತದ ಅರಿವು

ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ ಎಂಬುದೊಂದು. ತನ್ನ ಶಕ್ತಿಯನ್ನು ಮರೆಮಾಚದೆ, ಅದಕ್ಕೆ ತಕ್ಕಂತೆ ತಪವನ್ನು ಆಚರಿಸುವುದೆಂದು ಅದರ ತಾತ್ಪರ್ಯ. ಹಾಗಾದರೆ ಶರೀರದ ಶಕ್ತಿಯನ್ನು ಅರಿಯುವುದೆಂತು? ರಕ್ತಪರೀಕ್ಷೆಯು ಅದಕ್ಕೊಂದು ಸುಲಭ ಸಾಧನ.

ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅದರಲ್ಲಿ ನೂರಕ್ಕೆ ಸುಮಾರು 55 ಪಾಲು ಪ್ಲಾಸ್ಮಾ ಎಂಬ ತಿಳಿಹಳದಿ ದ್ರವ. ಆ ದ್ರವದ ಹತ್ತರಲ್ಲಿ ಒಂಬತ್ತು ಪಾಲು ನೀರು. ಉಳಿದುದು ಕಣಗಳು. ಬಿಳಿ ಕಣಗಳು ರೋಗಾಣುಗಳನ್ನು ಎದುರಿಸುತ್ತವೆ; ಪ್ಲೇಟ್‌ಲೆಟ್‌ಗಳು ಗಾಯದ ರಕ್ತವನ್ನು ಹೆಪ್ಪುಗಟ್ಟಿಸುತ್ತವೆ. ಕೆಂಪು ಕಣಗಳೇ ಬಹುಸಂಖ್ಯಾತ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಪುರುಷರಿಗೆ ಸುಮಾರು 50 ಲಕ್ಷ, ಸ್ತ್ರೀಯರಿಗೆ ಸುಮಾರು 45 ಲಕ್ಷ. ಇವುಗಳೊಳಗಿನ ಹಿಮೋಗ್ಲೋಬಿನ್ ಎಂಬ ಕಬ್ಬಿಣಾಂಶವುಳ್ಳ ವಸ್ತುವು ಆಮ್ಲಜನಕವನ್ನು ಅಂಗಾಂಗಗಳಿಗೆ ಒಯ್ಯುತ್ತದೆ.

100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಪುರುಷರಿಗೆ 13 ಗ್ರಾಂ, ಸ್ತ್ರೀಯರಿಗೆ 12 ಗ್ರಾಂ, ಗರ್ಭಿಣಿಯರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆಯೆನ್ನುವರು. ಆಯಾಸ, ಏದುಸಿರು, ತಲೆಸುತ್ತು ಇದರ ಲಕ್ಷಣಗಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ಈ ಕೊರತೆಯಿತ್ತು. ನಮ್ಮ ಮನೆಗಳಲ್ಲಿ ಉಪವಾಸಕ್ಕೆ ಮುಂದಾಗುವವರಲ್ಲಿ ತಾಯಂದಿರೇ ಹೆಚ್ಚೆಂಬುದನ್ನು ಇಲ್ಲಿ ನೆನೆಯಬೇಕು.

ಪರೀಕ್ಷೆಯು ಉಪವಾಸಕ್ಕೆ ಮೊದಲೇ ಆಗಬೇಕು. ನಿರ್ಜಲ ಉಪವಾಸದಲ್ಲಿ ಪ್ಲಾಸ್ಮಾದ ನೀರು ತಗ್ಗಿ, ಕಣಗಳು ಹೆಚ್ಚದಿದ್ದರೂ ಹಿಮೋಗ್ಲೋಬಿನ್ ಏರಿದಂತೆ ತೋರಬಹುದು. ಸಾರಿನ ನೀರು ಬತ್ತಿದಾಗ ಬೇಳೆ ಹೆಚ್ಚಾದಂತೆ ಕಾಣುವುದಿಲ್ಲವೇ? ಅದರಂತೆಯೇ ಇದು.

ಕೆಂಪು ಕಣದ ಆಯುಸ್ಸು ಸುಮಾರು 120 ದಿನ, ಅಂದರೆ ಒಂದು ಚಾತುರ್ಮಾಸದಷ್ಟು ಕಾಲ. ಎಲುಬಿನ ಮಜ್ಜೆಯಲ್ಲಿ ಹೊಸ ಕಣಗಳು ನಿತ್ಯವೂ ಹುಟ್ಟುತ್ತವಾದರೂ, ಕೊರತೆಯು ತುಂಬಲು ತಿಂಗಳುಗಳು ಬೇಕು. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡಬಯಸುವವರು ವೈಶಾಖದಲ್ಲಿಯೇ ಪರೀಕ್ಷೆ ಮಾಡಿಸುವುದು ಲೇಸು.

ಚಾತುರ್ಮಾಸದಲ್ಲಿ ಸೊಪ್ಪನ್ನು ತ್ಯಜಿಸುವವರಿಗೆ ನಮ್ಮ ಅಣ್ಣಿಗೇರಿ ಸೀಮೆಯ ಎರೆಹೊಲದ ಕಡಲೆ, ಹೆಸರು, ಜೊತೆಗೆ ಸಜ್ಜೆಯ ರೊಟ್ಟಿ ಕಬ್ಬಿಣಾಂಶವನ್ನು ಒದಗಿಸುತ್ತವೆ. ಊಟದೊಡನೆ ನಿಂಬೆರಸವೋ ನೆಲ್ಲಿಕಾಯಿಯೋ ಇದ್ದರೆ ಅದು ಮೈಗೆ ಹತ್ತುತ್ತದೆ. ಊಟದ ಬೆನ್ನಲ್ಲೇ ಚಹಾ ಕುಡಿದರೆ ಕುಂದುತ್ತದೆ. ಕೆಂಪು ಕಣಗಳಿಗೆ ಬೇಕಾದ ಬಿ-12 ಜೀವಸತ್ವವು ಹಾಲು, ಮೊಸರಿನಲ್ಲಿದೆ. ದ್ವಿದಳದ ನಿಯಮವುಳ್ಳವರು ಮೊಸರನ್ನು ಕಾಳಿನೊಡನೆ ಬೆರೆಸದೆ ಬೇರೆ ಹೊತ್ತಿನಲ್ಲಿ ಸೇವಿಸಲಿ. ಕೊರತೆ ಕಂಡುಬಂದರೆ ಕಾರಣವನ್ನೂ ಮಾತ್ರೆಯನ್ನೂ ವೈದ್ಯರಿಂದಲೇ ತಿಳಿಯಬೇಕು.

ರಕ್ತ ಕಡಿಮೆಯಿದೆಯೆಂದು ತಿಳಿದವರು ವ್ರತಭ್ರಷ್ಟರಾದೆವೆಂದು ಕೊರಗಬೇಕಿಲ್ಲ. ಬಾಹ್ಯ ತಪಗಳು ಆರು. ಅನಶನವು ಅವುಗಳಲ್ಲಿ ಒಂದು ಮಾತ್ರ. ವೈದ್ಯರು ಒಪ್ಪುವಷ್ಟು ರಸಪರಿತ್ಯಾಗವೂ ತಪವೇ. ಅಂತರಂಗ ತಪದಲ್ಲಿ ಸೇರಿದ ಸ್ವಾಧ್ಯಾಯಕ್ಕಂತೂ ಯಾವ ಅಡ್ಡಿಯೂ ಇಲ್ಲ. ಮನೆಯ ಹಿರಿಯರು ಸೊಸೆಯಂದಿರಿಗೂ ಹೆಣ್ಣುಮಕ್ಕಳಿಗೂ ಈ ಮಾತನ್ನು ತಾವಾಗಿಯೇ ತಿಳಿಸಲಿ. ಅವರು ತಮ್ಮ ಆಯಾಸವನ್ನು ಮುಚ್ಚಿಟ್ಟುಕೊಳ್ಳುವಂತಾಗಬಾರದು.