ಜವುಗಿನ ಮೇಲೆ ಎದ್ದ ಊರು

ಒಂದು ಊರು ಹೇಗೆ ಬೆಳೆಯುತ್ತದೆ? ಒಬ್ಬರು ಮನೆ ಕಟ್ಟುತ್ತಾರೆ. ಪಕ್ಕದಲ್ಲಿ ಇನ್ನೊಬ್ಬರು ಕಟ್ಟುತ್ತಾರೆ. ದಾರಿ ಆಗುತ್ತದೆ. ಅಂಗಡಿ ಬರುತ್ತದೆ. ಆದರೆ ಮೊದಲು ನಕ್ಷೆ ಬರೆದು, ಆಮೇಲೆ ಕಟ್ಟಿದ ಊರುಗಳೂ ಇವೆ. ಅಂಥ ಒಂದು ಊರಿನ ಕಥೆಯನ್ನು ನಾವು ಇಂದು ಓದೋಣ.

ಯುರೋಪಿನ ಆಗ್ನೇಯ ಭಾಗದಲ್ಲಿ ಸರ್ಬಿಯಾ ಎಂಬ ದೇಶವಿದೆ. ಬೆಲ್‌ಗ್ರೇಡ್ ಅದರ ರಾಜಧಾನಿ. ಅಲ್ಲಿ ಸಾವಾ ನದಿಯು ಡಾನ್ಯೂಬ್ ನದಿಯನ್ನು ಸೇರುತ್ತದೆ. ಹಳೆ ಊರು ಸಾವಾ ನದಿಯ ಒಂದು ದಡದಲ್ಲಿದೆ. ಎದುರು ದಡ ಆಗ ಬಹುಪಾಲು ಜವುಗಾಗಿತ್ತು. ಅಂದ್ರೆ ನೀರು ನಿಲ್ಲುವ ನೆಲ. ಅಲ್ಲಿ ಯಾರು ತಾನೇ ಮನೆ ಕಟ್ಟಿಯಾರು?

ಎರಡನೇ ಮಹಾಯುದ್ಧ 1945ರಲ್ಲಿ ಮುಗಿಯಿತು. ಬಾಂಬುಗಳಿಂದ ಬೆಲ್‌ಗ್ರೇಡ್ ಜಖಂ ಆಗಿತ್ತು. ಕೆಲಸ ಹುಡುಕಿಕೊಂಡು ಹಳ್ಳಿಗಳಿಂದ ಜನ ಬರುತ್ತಿದ್ದರು. ಇರೋಕೆ ಮನೆ ಬೇಕಲ್ಲ! ಆಗ ಆ ದೇಶದ ಹೆಸರು ಯುಗೊಸ್ಲಾವಿಯಾ. ಜವುಗಿನ ಮೇಲೇ ಹೊಸ ಊರು ಕಟ್ಟೋಣ ಅಂತ ಸರಕಾರ ತೀರ್ಮಾನಿಸಿತು. 1948ರ ಏಪ್ರಿಲ್‌ನಲ್ಲಿ ಕೆಲಸ ಶುರುವಾಯಿತು. ಅದೇ ಹೊಸ ಬೆಲ್‌ಗ್ರೇಡ್.

ದೇಶದ ಮೂಲೆಮೂಲೆಯಿಂದ ಯುವಕ ಯುವತಿಯರು ತಂಡ ಕಟ್ಟಿಕೊಂಡು ಬಂದರು. ಸಲಿಕೆ, ತಳ್ಳುಗಾಡಿ ಹಿಡಿದು ದುಡಿದರು. ನದಿಯ ಮರಳು ತುಂಬಿ ತಗ್ಗು ನೆಲವನ್ನು ಎತ್ತರಿಸಿದರು. ಆ ಕಾಲದ ಇಂಥ ಶ್ರಮದಾನ ಶಿಬಿರಗಳಲ್ಲಿ ಇನ್ನೊಂದು ಕೆಲಸವೂ ನಡೆಯುತ್ತಿತ್ತು. ಏನು ಗೊತ್ತೇ? ಅಕ್ಷರ ಕಲಿಕೆ! ಸಲಿಕೆ ಹಿಡಿದ ಕೈಗಳು ಬಿಡುವಿನಲ್ಲಿ ಪೆನ್ಸಿಲ್ ಹಿಡಿದವು.

ಹಣ ಸಾಲದೆ ಕೆಲವು ವರ್ಷ ಕೆಲಸ ಕುಂಟಿತು. 1960ರ ನಂತರ ವೇಗ ಬಂತು. ನೆಲವನ್ನು ಬ್ಲಾಕುಗಳಾಗಿ ಭಾಗ ಮಾಡಿದರು. ಒಂದೊಂದಕ್ಕೂ ಒಂದು ನಂಬರು. ಬ್ಲಾಕ್ 21, ಬ್ಲಾಕ್ 45, ಬ್ಲಾಕ್ 70, ಹೀಗೆ. ಎತ್ತರದ ಕಟ್ಟಡ, ನಡುವೆ ಮರಗಿಡ, ಆಟದ ಬಯಲು, ಹತ್ತಿರವೇ ಶಾಲೆ.

1961ರಲ್ಲಿ ಬೆಲ್‌ಗ್ರೇಡಿನಲ್ಲಿ ಅಲಿಪ್ತ ದೇಶಗಳ ಮೊದಲ ಸಮ್ಮೇಳನ ನಡೆಯಿತು. ನಮ್ಮ ಪ್ರಧಾನಿ ನೆಹರೂ ಅವರೂ ಹೋಗಿದ್ದರು. ಬಂದ ನಾಯಕರು ಹೊಸ ಊರಿನ ಸ್ನೇಹ ಉದ್ಯಾನದಲ್ಲಿ ಗಿಡ ನೆಟ್ಟರು.

ಸರಿ, ಮನೆ ಯಾರಿಗೆ ಸಿಕ್ಕಿತು? ನೌಕರರ ಸಂಬಳದ ಒಂದು ಪಾಲು ಮನೆ ನಿಧಿಗೆ ಹೋಗುತ್ತಿತ್ತು. ಆ ಹಣದಿಂದ ಮನೆ ಕಟ್ಟಿ ಹಂಚುತ್ತಿದ್ದರು. ಮನೆ ಸ್ವಂತದ್ದಲ್ಲ. ಆದರೆ ವಾಸಿಸುವ ಹಕ್ಕು ಗಟ್ಟಿಯಾಗಿತ್ತು. ಬಾಡಿಗೆ ಕಡಿಮೆ. ಹಣ ಎಲ್ಲರೂ ಕೊಟ್ಟರು, ಮನೆ ಮಾತ್ರ ಎಲ್ಲರಿಗೂ ಸಿಗಲಿಲ್ಲ. ದೊಡ್ಡ ಹುದ್ದೆಯವರಿಗೆ ಬೇಗ ಸಿಗುತ್ತಿತ್ತು. ಎಷ್ಟೋ ಕಾರ್ಮಿಕರು ವರ್ಷಗಟ್ಟಲೆ ಕಾದರು. ಕೆಲವರು ಊರಾಚೆ ಪರವಾನಗಿ ಇಲ್ಲದೆ ಮನೆ ಕಟ್ಟಿಕೊಂಡರು.

1990ರ ದಶಕದ ಆರಂಭದಲ್ಲಿ ಕಾನೂನು ಬದಲಾಯಿತು. ವಾಸವಿದ್ದವರು ಕಡಿಮೆ ಬೆಲೆಗೆ ಮನೆ ಕೊಂಡುಕೊಂಡರು. ಕಾಯುತ್ತ ಕೂತವರ ಗತಿ? ಅವರ ದುಡ್ಡೂ ಆ ಗೋಡೆಗಳಲ್ಲಿತ್ತು. ಆದರೆ ಬಹಳ ಮಂದಿಗೆ ಏನೂ ದಕ್ಕಲಿಲ್ಲ.

ಇಂದು ಹೊಸ ಬೆಲ್‌ಗ್ರೇಡಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ. ಬ್ಯಾಂಕು, ಕಚೇರಿ, ದೊಡ್ಡ ಮಳಿಗೆಗಳು ಬಂದಿವೆ. ಖಾಲಿ ಬಯಲಿನಲ್ಲಿ ಹೊಸ ಕಟ್ಟಡಗಳು ಎದ್ದಿವೆ. ಮರಗಿಡ ಉಳಿಸಿ, ಬಯಲು ಬಿಡಿ ಅಂತ ಅಲ್ಲಿನ ಜನ ಕೇಳಿದ್ದಾರೆ.

ನಕ್ಷೆ ಚೆನ್ನಾಗಿದ್ದರೆ ಸಾಲದು. ಮನೆ ಯಾರಿಗೆ, ಬಯಲು ಯಾರದ್ದು ಎಂದು ಜನ ಕೇಳಬೇಕು. ಕೇಳಬೇಕಾದರೆ ಕಾಗದದಲ್ಲಿ ಏನಿದೆ ಎಂದು ಓದಲು ಬರಬೇಕು. ನಾವು ಅಕ್ಷರ ಕಲಿಯುವುದು ಅದಕ್ಕೂ ಹೌದು.

ಓದಿ ಉತ್ತರಿಸಿ:
1. ಹೊಸ ಬೆಲ್‌ಗ್ರೇಡ್ ಕಟ್ಟುವ ಮೊದಲು ಆ ನೆಲ ಹೇಗಿತ್ತು?
2. ಶ್ರಮದಾನ ಶಿಬಿರಗಳಲ್ಲಿ ಯುವಜನರು ಏನೇನು ಮಾಡಿದರು?
3. ಹಣ ಕೊಟ್ಟೂ ಮನೆ ಸಿಗದವರಿಗೆ ನ್ಯಾಯ ಸಿಕ್ಕಿತೇ? ಗುಂಪಿನಲ್ಲಿ ಮಾತಾಡಿ.