ಪಾಠ ಸುಧಾರಿಸಲು ವಿದ್ಯಾರ್ಥಿಗಳನ್ನೇ ಜೊತೆಗೆ ಕೂಡಿಸಿಕೊಳ್ಳಿ

ಡಿಗ್ರಿ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಅಭಿಪ್ರಾಯ ಕೇಳುವುದು ಸಾಮಾನ್ಯವಾಗಿ ಸೆಮಿಸ್ಟರ್ ಮುಗಿಯುವಾಗ. ಅಷ್ಟೊತ್ತಿಗೆ ಪಾಠ ಮುಗಿದಿರುತ್ತದೆ, ಹೇಳಿದವರಿಗೆ ಅದರಿಂದ ಏನೂ ದಕ್ಕುವುದಿಲ್ಲ. ಕಾಲೇಜುಗಳಿಗೆ ಮಾನ್ಯತೆ ನೀಡುವ ನ್ಯಾಕ್ ಸಂಸ್ಥೆಯ ವಿದ್ಯಾರ್ಥಿ ಸಂತೃಪ್ತಿ ಸಮೀಕ್ಷೆಯ 21ನೇ ಪ್ರಶ್ನೆ, ಬೋಧನೆ–ಕಲಿಕೆ ಸುಧಾರಿಸಲು ಮೂರು ಸಲಹೆ ಕೊಡಿ ಎನ್ನುತ್ತದೆ. ಅದನ್ನೇ ನಾಲ್ಕನೇ ವಾರದಲ್ಲಿ ಕೇಳಿದರೆ ಸಲಹೆ ಕೊಟ್ಟವರಿಗೇ ಅದರ ಫಲ ಸಿಗುತ್ತದೆ. ಲಕ್ಷ್ಮೇಶ್ವರ, ಗದಗ ಭಾಗದ ಅಧ್ಯಾಪಕರು ಇದನ್ನು ಖರ್ಚಿಲ್ಲದೆ ಶುರು ಮಾಡಬಹುದು.

ಮೊದಲು ಒಂದೇ ಪೇಪರ್ ಆರಿಸಿಕೊಂಡು ಐದು ಜನ ವಿದ್ಯಾರ್ಥಿಗಳ ಗುಂಪು ಮಾಡಿ. ಮುಂದಿನ ಬೆಂಚಿನವರೇ ತುಂಬದಿರಲಿ. ಅಡರಕಟ್ಟಿಯಂಥ ಊರುಗಳಿಂದ ಬಸ್ಸಿಗೆ ಬರುವವರು, ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ಹಿಂದಿನ ಪೇಪರ್ ಬಾಕಿ ಉಳಿಸಿಕೊಂಡವರು ಬೇಕೇ ಬೇಕು. ಮೊದಲ ಪೀರಿಯಡ್ ಏಕೆ ತಪ್ಪುತ್ತದೆ, ಉಳ್ಳಾಗಡ್ಡಿ ಕೀಳುವಾಗ, ಮೆಣಸಿನಕಾಯಿ ಬಿಡಿಸುವಾಗ ಹಾಜರಿ ಏಕೆ ಇಳಿಯುತ್ತದೆ ಎಂಬುದು ಅವರಿಗೇ ಗೊತ್ತು. ಕಾಲೇಜು ಬಿಟ್ಟ ಮೇಲೆ ಗುಂಪಿನ ಸಭೆ ಇಟ್ಟರೆ ಇವರೇ ತಪ್ಪಿಹೋಗುತ್ತಾರೆ. ಊಟದ ಬಿಡುವಿನಲ್ಲಿ ಇಡಿ.

ದೊಡ್ಡ ಅಡ್ಡಿ ಇಂಟರ್ನಲ್ ಮಾರ್ಕ್ಸ್ ಭಯ. ಅಂಕ ಕೊಡುವವರ ಮುಂದೆ ‘ನಿಮ್ಮ ಪಾಠ ತಿಳಿಯಲಿಲ್ಲ ಸರ್’ ಎನ್ನಲು ಯಾರಿಗೂ ಧೈರ್ಯ ಸಾಲದು. ಆದ್ದರಿಂದ ನೀವು ಹೊರಗಿರಿ, ಬೇರೆ ವಿಭಾಗದ ಸಹೋದ್ಯೋಗಿ ಒಳಗೆ ಹೋಗಲಿ. ಇಡೀ ತರಗತಿಗೆ ಹೆಸರು ಬರೆಯದ ಚೀಟಿ ಕೊಟ್ಟು ಮೂರು ಪ್ರಶ್ನೆ ಕೇಳಿಸಿ: ಕಲಿಯಲು ಯಾವುದು ನೆರವಾಗುತ್ತಿದೆ? ಯಾವುದು ತೊಡಕಾಗಿದೆ? ಈ ತಿಂಗಳೊಳಗೆ ಏನು ಬದಲಿಸಬಹುದು? ಇಪ್ಪತ್ತು ನಿಮಿಷ ಸಾಕು. ಅಮೆರಿಕದ ಬ್ರಿನ್ ಮಾರ್ ಕಾಲೇಜಿನಲ್ಲಿ ಇನ್ನೊಂದು ದಾರಿ ಕಂಡುಕೊಂಡಿದ್ದಾರೆ: ಆ ಕೋರ್ಸ್ ಓದದ ವಿದ್ಯಾರ್ಥಿಯೊಬ್ಬರು ವಾರಕ್ಕೊಮ್ಮೆ ತರಗತಿಯಲ್ಲಿ ಕುಳಿತು ನೋಡಿ, ಕಂಡದ್ದನ್ನು ಅಧ್ಯಾಪಕರೊಂದಿಗೆ ಚರ್ಚಿಸುತ್ತಾರೆ. ಅಂಕದ ಹಂಗೇ ಇಲ್ಲ.

ಚೀಟಿಗಳನ್ನು ಗುಂಪಿನವರೇ ವಿಂಗಡಿಸಲಿ. ಮರುದಿನವೇ ನೀವು ತರಗತಿಯಲ್ಲಿ ಉತ್ತರ ಕೊಡಿ. ಇದೊಂದು ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ, ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ನೋಟ್ಸ್ ಡಿಕ್ಟೇಟ್ ಮಾಡುವುದನ್ನು ಕಡಿಮೆ ಮಾಡಿ ಲೆಕ್ಕ ಹೆಚ್ಚು ಬಿಡಿಸುವುದು ನಿಮ್ಮ ಕೈಯಲ್ಲಿದೆ. ಸಿಲೆಬಸ್ ಕರ್ನಾಟಕ ವಿಶ್ವವಿದ್ಯಾಲಯದ್ದು, ಅದನ್ನು ಇಲ್ಲಿ ತಿದ್ದಲಾಗದು. ಎರಡನ್ನೂ ಬಿಚ್ಚಿ ಹೇಳಿ.

ಮುಂದೆ ವಿದ್ಯಾರ್ಥಿಗಳಿಗೆ ನಿಜವಾದ ಕೆಲಸ ಒಪ್ಪಿಸಿ. ಕಠಿಣ ಇಂಗ್ಲಿಷ್ ಪದಗಳಿಗೆ ಕನ್ನಡದ ವಿವರಣೆ ಬರೆಯುವುದು, ಊರಿನ ಸಂತೆ, ಹೊಲದ ಲೆಕ್ಕದಿಂದ ಉದಾಹರಣೆ ತರುವುದು ಅವರಿಗೆ ಚೆನ್ನಾಗಿ ಬರುತ್ತದೆ. ನೀವು ತಿದ್ದಿ, ಒಪ್ಪಿಗೆ ಪಡೆದು ಅವರ ಹೆಸರಿನಲ್ಲೇ ಹಂಚಿ.

ಏನು ಕೇಳಿದರು, ಏನು ಬದಲಾಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕಾಲೇಜಿನ ಆಂತರಿಕ ಗುಣಮಟ್ಟ ಭರವಸೆ ಕೋಶಕ್ಕೆ (ಐಕ್ಯೂಎಸಿ) ಕೊಡಿ. ಆ ಕೋಶದಲ್ಲಿ ವಿದ್ಯಾರ್ಥಿ ಪ್ರತಿನಿಧಿಗೂ ಸ್ಥಾನವಿದೆ. ಮುಂದಿನ ವರ್ಷ ಅತಿಥಿ ಉಪನ್ಯಾಸಕರು ಬದಲಾದರೆ ಆ ಹಾಳೆ ಹೊಸಬರ ಕೈ ಸೇರಲಿ, ಹಳೆಯ ಗುಂಪಿನ ಇಬ್ಬರು ಮೊದಲ ವಾರವೇ ಅವರೊಂದಿಗೆ ಕುಳಿತು ಮಾತಾಡಲಿ.